ಬಿಚ್ಚುವ ವಿದ್ಯೆ

ಕಾರು ಕಟ್ಟುವ ಕಾರ್ಖಾನೆಯ ಚಿತ್ರ ನಮ್ಮೆಲ್ಲರ ಕಣ್ಣಲ್ಲೂ ಇದೆ. ಸಾಲಾಗಿ ಸಾಗುವ ಬಾಡಿಗಳು, ಬೆಸುಗೆಯ ಕಿಡಿಗಳು, ಕೊನೆಗೆ ಬಣ್ಣ ಬಳಿದುಕೊಂಡು ಹೊರಬರುವ ಹೊಸ ವಾಹನ. ಅದೇ ಕಾರು ಹದಿನೈದಿಪ್ಪತ್ತು ವರ್ಷ ಓಡಿ, ಮೂರ್ನಾಲ್ಕು ಮಾಲೀಕರ ಕೈ ದಾಟಿ, ಇನ್ನು ಎಫ್‌ಸಿ ಆಗುವುದಿಲ್ಲ ಎಂಬಲ್ಲಿಗೆ ಬಂದು ನಿಂತಾಗ ಮುಂದೇನು ಎಂದು ಕೇಳುವವರು ಕಡಿಮೆ. ‘ಗುಜರಿಗೆ ಹಾಕಿದೆವು’ ಅಂದರೆ ಮಾತು ಮುಗಿಯಿತು. ಆ ಮಾತಿನಾಚೆಗೆ ನಡೆಯುವ ಕೆಲಸದಲ್ಲಿ ಕಾರು ಕಟ್ಟುವುದಕ್ಕೆ ಬೇಕಾದಷ್ಟೇ ತಿಳಿವಳಿಕೆ, ಅಷ್ಟೇ ತಾಳ್ಮೆ ಇದೆ. ಅದನ್ನು ಹತ್ತಿರದಿಂದ ಪರಿಚಯಿಸುವುದು ಈ ಲೇಖನದ ಆಸೆ.

ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳು, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಕೋಲ್ಕತ್ತದ ಮಲ್ಲಿಕ್ ಬಜಾರ್. ದೊಡ್ಡ ಊರು ಎಂದ ಮೇಲೆ ಹಳೆಯ ವಾಹನ ಬಿಚ್ಚುವವರದೊಂದು ಕೇರಿ ಇದ್ದೇ ಇರುತ್ತದೆ. ಅಲ್ಲಿ ಮೇಸ್ತ್ರಿಯ ಕೈಕೆಳಗೆ ಪಾನಾ ಹಿಡಿದು ಕಲಿತ ಹುಡುಗರೇ ಮುಂದೆ ಮೇಸ್ತ್ರಿಗಳಾಗುತ್ತಾರೆ. ಯಾವ ನಟ್ಟು ಮೊದಲು, ಯಾವುದು ಆಮೇಲೆ, ಯಾವ ಲೋಹ ಯಾವ ಗುಡ್ಡೆಗೆ, ಯಾವ ಭಾಗ ಇನ್ನೊಂದು ಗಾಡಿಗೆ ಆದೀತು, ಯಾವುದು ತೂಕಕ್ಕೆ ಮಾತ್ರ ಎಂಬುದೆಲ್ಲ ಅವರ ಕೈಗೇ ಗೊತ್ತು. ಈಚಿನ ವರ್ಷಗಳಲ್ಲಿ ಸರ್ಕಾರದ ನೋಂದಣಿ ಪಡೆದ ಗುಜರಿ ಕೇಂದ್ರಗಳೂ ಬಂದಿವೆ. ಎಣ್ಣೆ ಇಂಗದ ಕಾಂಕ್ರೀಟ್ ನೆಲ, ಗಾಡಿ ಎತ್ತುವ ಲಿಫ್ಟು, ಅನಿಲ ಹೀರುವ ಯಂತ್ರ ಇರುವ ಜಾಗಗಳವು. ಸಲಕರಣೆ ಬೇರೆಯಾದರೂ ಎರಡೂ ಕಡೆ ಕೆಲಸದ ತಿರುಳು ಒಂದೇ. ಬೆರೆಯುವ ಮುನ್ನ ಬೇರೆ ಮಾಡಬೇಕು.

ಕುಲುಮೆಗೆ ಬಾರದ ಕೆಲಸ

ಸ್ಕ್ರೂ, ಬೋಲ್ಟುಗಳವರೆಗೆ ಎಣಿಸಿದರೆ ಒಂದು ಕಾರಿನಲ್ಲಿ ಸುಮಾರು 30 ಸಾವಿರ ಬಿಡಿಭಾಗಗಳಿರುತ್ತವೆ. ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಬ್ಬಿಣ ಮತ್ತು ಉಕ್ಕು. ಉಳಿದದ್ದರಲ್ಲಿ ಅಲ್ಯುಮಿನಿಯಂ, ತಾಮ್ರ, ಸೀಸ, ಸತು, ಗಾಜು, ರಬ್ಬರು, ಹತ್ತಾರು ಬಗೆಯ ಪ್ಲಾಸ್ಟಿಕ್, ಬಟ್ಟೆ, ಸ್ಪಂಜು, ಜೊತೆಗೆ ಐದಾರು ಬಗೆಯ ದ್ರವಗಳು. ಇಷ್ಟನ್ನೂ ಹಾಗೆಯೇ ಕುಲುಮೆಗೆ ನೂಕಿ ಕರಗಿಸಿದರೆ ಆಗದೇ ಎಂದು ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ. ಕಾರಣ ತಾಮ್ರ.

ಕರಗಿದ ಕಬ್ಬಿಣಕ್ಕೆ ಆಮ್ಲಜನಕ ಊದಿದರೆ ಅದರೊಳಗಿನ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್ ಉರಿದು ಅನಿಲವಾಗಿಯೋ ಕಿಟ್ಟವಾಗಿಯೋ ಹೊರಬರುತ್ತವೆ. ತಾಮ್ರ ಹಾಗಲ್ಲ. ಆಮ್ಲಜನಕದೊಡನೆ ಸೇರಲು ತಾಮ್ರಕ್ಕಿಂತ ಕಬ್ಬಿಣವೇ ಮುಂದು. ಆದ್ದರಿಂದ ಎಷ್ಟು ಊದಿದರೂ ಮೊದಲು ಸುಡುವುದು ಕಬ್ಬಿಣ, ತಾಮ್ರ ಹಾಗೆಯೇ ಉಳಿಯುತ್ತದೆ. ಒಮ್ಮೆ ಉಕ್ಕಿನಲ್ಲಿ ಕರಗಿದ ತಾಮ್ರವನ್ನು ಮತ್ತೆ ತೆಗೆಯುವ, ಖರ್ಚಿಗೆ ಒಗ್ಗುವ ವಿಧಾನ ಕಾರ್ಖಾನೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲ. ಅದು ಉಳಿದರೆ ಏನಾಗುತ್ತದೆ? ಕೆಂಪಗೆ ಕಾದ ಉಕ್ಕನ್ನು ರೋಲಿಂಗ್ ಮಿಲ್ಲಿನಲ್ಲಿ ಒತ್ತುವಾಗ ಮೇಲ್ಮೈಯಲ್ಲಿ ತಾಮ್ರ ಕೂಡಿಕೊಂಡು, ಕರಗಿ, ಉಕ್ಕಿನ ಕಣಗಳ ನಡುವೆ ನುಸುಳಿ ಬಿರುಕು ಬಿಡಿಸುತ್ತದೆ. ಕಾರಿನ ಬಾಡಿಗೆ ಬೇಕಾದ ನಯವಾದ ತಗಡಿನಲ್ಲಿ ತಾಮ್ರ ಶೇ 0.1ರ ಆಸುಪಾಸಿನೊಳಗೇ ಇರಬೇಕು. ಅಂದರೆ ಒಂದು ಟನ್ ಉಕ್ಕಿಗೆ ಒಂದು ಕಿಲೋ. ಆದರೆ ಈ ಕಾಲದ ಒಂದು ಕಾರಿನ ವೈರಿಂಗ್, ಮೋಟಾರು, ಆಲ್ಟರ್ನೇಟರುಗಳಲ್ಲಿ ಸೇರಿ ಇಪ್ಪತ್ತು ಕಿಲೋದಷ್ಟು ತಾಮ್ರ ಇರುತ್ತದೆ.

ಕಟ್ಟಡದ ಕಂಬಿ ಇದಕ್ಕಿಂತ ಹೆಚ್ಚು ತಾಮ್ರವನ್ನು ಸಹಿಸಿಕೊಳ್ಳುತ್ತದೆ, ಕಾರಿನ ತಗಡು ಸಹಿಸುವುದಿಲ್ಲ. ಹಳೆಯ ಕಾರಿನ ಉಕ್ಕು ಹೆಚ್ಚಾಗಿ ಮನೆಯ ಪಿಲ್ಲರಿನ ಕಂಬಿಯಾಗಿ ಹುಟ್ಟುತ್ತದೆ, ಇನ್ನೊಂದು ಕಾರಾಗಿ ಹುಟ್ಟುವುದು ಅಪರೂಪ. ಇದಕ್ಕೆ ಮುಖ್ಯ ಕಾರಣ ಈ ಅಳಿದುಳಿದ ತಾಮ್ರವೇ. ಹೀಗಾಗಿ ಕಾರಿನೊಳಗೆ ತಲೆ ತೂರಿಸಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಡಿಕ್ಕಿಯವರೆಗೆ ಹರಿದ ವೈರಿಂಗ್ ಕಟ್ಟನ್ನು ತುಂಡು ಉಳಿಯದಂತೆ ಎಳೆದು ತೆಗೆಯುವ ಹುಡುಗ ಕುಲುಮೆಗೆ ಬಾರದ ಕೆಲಸವನ್ನು ಕೈಯಿಂದ ಮಾಡುತ್ತಿದ್ದಾನೆ. ಅವನಿಗೆ ಅದು ಕಿಲೋ ಲೆಕ್ಕದಲ್ಲಿ ಮಾರುವ ತಾಮ್ರ. ಉಕ್ಕಿಗೆ ಅದು ಶುದ್ಧಿ.

ಮೊದಲು ಕಾಗದ

ಕಾರಿನ ಮೈಗೆ ಪಾನಾ ತಾಗುವ ಮೊದಲು ಕಾಗದ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ವಾಹನ ನಾಶವಾದರೆ ಅಥವಾ ಇನ್ನೆಂದೂ ಬಳಸಲಾಗದಂತೆ ಆದರೆ ಮಾಲೀಕರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಬಹಳ ಜನ ಇದನ್ನು ಮಾಡುವುದಿಲ್ಲ. ಕಾರು ಚೂರಾದರೂ ಕಡತದಲ್ಲಿ ಬದುಕಿಯೇ ಇರುತ್ತದೆ, ಮತ್ತು ಕದ್ದ ಗಾಡಿಗೆ ಸತ್ತ ಗಾಡಿಯ ನಂಬರು ಕೂರಿಸುವ ದಂಧೆಗೆ ಅಂಥ ಆರ್‌ಸಿಗಳೇ ಆಸರೆ.

ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಗೆ ಪ್ರಧಾನಿ 2021ರ ಆಗಸ್ಟ್ 13ರಂದು ಚಾಲನೆ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೋಂದಾಯಿತ ಗುಜರಿ ಕೇಂದ್ರಗಳ ನಿಯಮಗಳು ಬಂದವು. ಕೇಂದ್ರದವರು ಮೊದಲು ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯನ್ನೂ ಕಳವಾದ ವಾಹನಗಳ ಪಟ್ಟಿಯನ್ನೂ ನೋಡಿ, ಸಾಲ ಬಾಕಿ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಗಾಡಿ ಒಪ್ಪಿಸಿದ್ದಕ್ಕೆ ಒಂದು ಪ್ರಮಾಣಪತ್ರ, ಬಿಚ್ಚಿ ಮುಗಿಸಿದ್ದಕ್ಕೆ ಇನ್ನೊಂದು. ಚಾಸಿ ನಂಬರು ಕೊರೆದ ತಗಡಿನ ತುಂಡನ್ನು ಕತ್ತರಿಸಿ ಆರು ತಿಂಗಳು ಕಾಪಾಡಬೇಕು. ಮೊದಲ ಪ್ರಮಾಣಪತ್ರವನ್ನು ತೋರಿಸಿ ಹೊಸ ವಾಹನ ಕೊಳ್ಳುವವರಿಗೆ ರಸ್ತೆ ತೆರಿಗೆಯಲ್ಲಿ ಖಾಸಗಿ ವಾಹನವಾದರೆ ಶೇ 25ರವರೆಗೆ, ಬಾಡಿಗೆ ವಾಹನವಾದರೆ ಶೇ 15ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ.

ಮೈ ಬರಿದು ಮಾಡುವುದು

ಹಲಸಿನ ಹಣ್ಣು ಬಿಡಿಸಿ ಗೊತ್ತಿರುವವರಿಗೆ ಮುಂದಿನ ಕ್ರಮ ಸುಲಭವಾಗಿ ಅರ್ಥವಾಗುತ್ತದೆ. ಕೊಯ್ದ ತಕ್ಷಣ ತೊಳೆಗೆ ಕೈ ಹಾಕುವುದಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಮೊದಲು ಒಸರುವ ಮೇಣ ಒರೆಸಬೇಕು, ಆಮೇಲೆ ಗೂಂಜು, ಆಮೇಲೆ ತೊಳೆ, ಕೊನೆಗೆ ಬೀಜ. ಮೇಣ ತೆಗೆಯದೆ ಕೈ ಹಾಕಿದರೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಕಾರಿನಲ್ಲೂ ಮೊದಲ ಪಾಳಿ ಹರಿಯುವ, ಉರಿಯುವ, ಸಿಡಿಯುವ ವಸ್ತುಗಳದ್ದು.

ಎಲ್ಲಕ್ಕಿಂತ ಮೊದಲು ಬ್ಯಾಟರಿ. ಅದರಲ್ಲೂ ಮೊದಲು ಮೈನಸ್ ತಂತಿ. ಕಾರಿನ ಬಾಡಿಯೆಲ್ಲ ಮೈನಸ್‌ಗೆ ಜೋಡಿಸಿರುತ್ತದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಪೆಟ್ರೋಲಿನ ಆವಿ ಇರುತ್ತದೆ. ಮೇಸ್ತ್ರಿ ಹೊಸ ಹುಡುಗನಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು. ಬ್ಯಾಟರಿಯ ಅರ್ಧಕ್ಕೂ ಹೆಚ್ಚು ತೂಕ ಸೀಸ. ಅದು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಹಿತ್ತಲಿನ ಒಲೆಯಲ್ಲೂ ಕರಗಿಸಿಬಿಡಬಹುದು. ಅಪಾಯವೂ ಅಲ್ಲೇ ಇದೆ. ಸೀಸದ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿಯನ್ನು ಮುಂದೆ ಸರಿಪಡಿಸಲಾಗದು. ಬ್ಯಾಟರಿಯನ್ನು ಒಡೆಯದೆ, ಆಮ್ಲವನ್ನು ಮೋರಿಗೆ ಸುರಿಯದೆ, ಪರವಾನಗಿ ಇರುವ ಸೀಸದ ಘಟಕಕ್ಕೇ ಕಳಿಸಬೇಕು.

ಆಮೇಲೆ ಇಂಧನ, ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್. ಪ್ರತಿಯೊಂದಕ್ಕೂ ಬೇರೆ ಡಬ್ಬ. ಎಂಜಿನ್ ಆಯಿಲ್ಲನ್ನು ಶುದ್ಧೀಕರಿಸಿ ಮತ್ತೆ ಆಯಿಲ್ ಮಾಡಬಹುದು, ಆದರೆ ಅದರಲ್ಲಿ ಕೂಲೆಂಟ್ ಬೆರೆತರೆ ಆ ದಾರಿ ಕಷ್ಟವಾಗುತ್ತದೆ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ನೆಲಕ್ಕೆ ಚೆಲ್ಲಿದ್ದನ್ನು ಬೀದಿ ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಒಳ್ಳೆಯ ಅಂಗಳದ ನೆಲ ನೋಡಿದರೆ ಸಾಕು, ಒಳ್ಳೆಯ ಮೇಸ್ತ್ರಿಯ ಗುರುತು ಸಿಗುತ್ತದೆ.

ಎ.ಸಿ. ಅನಿಲ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಪೈಪು ಕತ್ತರಿಸಿದರೆ ಬುಸ್ ಎಂದು ಹೋಗಿಬಿಡುತ್ತದೆ. ಈಗಿನ ಹೆಚ್ಚಿನ ಹಳೆಯ ಕಾರುಗಳಲ್ಲಿರುವುದು ಆರ್-134ಎ ಎಂಬ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಒಂದು ಕಾರಿನ ಅರ್ಧ ಕಿಲೋ ಅನಿಲವನ್ನು ಗಾಳಿಗೆ ಬಿಟ್ಟರೆ 700 ಕಿಲೋ ಡೈಆಕ್ಸೈಡ್ ಬಿಟ್ಟಂತೆ. ಯಂತ್ರಕ್ಕೆ ಜೋಡಿಸಿ ಸಿಲಿಂಡರಿಗೆ ಎಳೆದುಕೊಂಡರೆ ಅದನ್ನೇ ಶುದ್ಧಮಾಡಿ ಇನ್ನೊಂದು ಕಾರಿಗೆ ತುಂಬಬಹುದು.

ಇನ್ನು ಸಿಡಿಯುವ ವಸ್ತುಗಳು. ಏರ್‌ಬ್ಯಾಗಿನೊಳಗೆ ಮದ್ದು ಇದೆ. ಅಪಘಾತವಾದ ಕ್ಷಣದಲ್ಲಿ ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಚೀಲ ತುಂಬಿಸುವ ಮದ್ದು ಅದು, ಬಿಚ್ಚುವವನ ಮುಖದೆದುರು ಉರಿದರೂ ಅಷ್ಟೇ ವೇಗ. ಹಾಗಾಗಿ ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಉಳಿದ ವಿದ್ಯುತ್ ಇಳಿದ ನಂತರವೇ ಅದಕ್ಕೆ ಕೈ ಹಾಕುವುದು, ಇಲ್ಲವೇ ದೂರ ನಿಂತು ತಂತಿಯ ಮೂಲಕ ಉದ್ದೇಶಪೂರ್ವಕವಾಗಿ ಉರಿಸಿಬಿಡುವುದು. ನಮ್ಮಲ್ಲಿ ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಇಂದು ಗುಜರಿಗೆ ಬರುವ ಬಹಳಷ್ಟು ಕಾರುಗಳಲ್ಲಿ ಅದು ಇಲ್ಲ, ಆ ನಂತರ ತಯಾರಾದ ಕಾರುಗಳು ಬರತೊಡಗಿದಾಗ ಪ್ರತಿಯೊಂದರಲ್ಲೂ ಇರುತ್ತದೆ. ಈ ಕಲಿಕೆಗೆ ಈಗಲೇ ಸಮಯ.

ಶಾಕ್ ಅಬ್ಸಾರ್ಬರ್ ನೋಡಲು ನಿರಪಾಯ. ಆದರೆ ಅದು ಬಾಯಿ ಮುಚ್ಚಿದ ಕೊಳವೆ, ಒಳಗೆ ಎಣ್ಣೆ, ಕೆಲವುಗಳಲ್ಲಿ ಒತ್ತಡದ ಅನಿಲ. ಹಾಗೆಯೇ ಕುಲುಮೆಗೆ ಬಿದ್ದರೆ ಒಳಗಿನದು ಹಿಗ್ಗಿ ಸಿಡಿದು ಕರಗಿದ ಉಕ್ಕನ್ನು ಹೊರಕ್ಕೆ ಚಿಮ್ಮಿಸಬಲ್ಲದು. ಕೊರೆದು, ಬಸಿದು ಕಳಿಸಿದರೆ ಎಲ್ಲೋ ದೂರದ ಕುಲುಮೆಯ ಬಾಯಲ್ಲಿ ನಿಂತ, ತಾನೆಂದೂ ನೋಡದ ಕೆಲಸಗಾರನ ಜೀವವನ್ನು ಈ ಮೇಸ್ತ್ರಿ ಕಾಪಾಡಿದಂತೆ. ಪೆಟ್ರೋಲ್ ಟ್ಯಾಂಕಿನ ವಿಷಯವೂ ಇಂಥದೇ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ, ಏಕೆಂದರೆ ಖಾಲಿ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಸಿಡಿಯಲು ಬೇಕಾದ ಪ್ರಮಾಣದಲ್ಲಿ ಬೆರೆತಿರುತ್ತವೆ. ಅನುಭವಸ್ಥರು ಅದಕ್ಕೆ ನೀರು ತುಂಬಿಸಿ ಆವಿಯನ್ನು ಹೊರದೂಡಿದ ಮೇಲೆಯೇ ಗ್ಯಾಸ್ ಕಟ್ಟರ್ ಹಚ್ಚುತ್ತಾರೆ.

ಮರುಬಾಳು

ಮೈ ಬರಿದಾದ ಮೇಲೆ ಬಿಚ್ಚುವ ಕೆಲಸ. ಬಾನೆಟ್, ಡೋರು, ಡಿಕ್ಕಿ ಬಾಗಿಲು, ಲೈಟು, ಕನ್ನಡಿ ಮೊದಲು ಇಳಿಯುತ್ತವೆ. ಆಮೇಲೆ ಸೀಟು, ಡ್ಯಾಶ್‌ಬೋರ್ಡು, ವೈರಿಂಗ್. ಕೊನೆಗೆ ಎಂಜಿನ್, ಗೇರ್ ಬಾಕ್ಸ್, ಆಕ್ಸಲ್. ಇಲ್ಲಿ ಮೇಸ್ತ್ರಿಯ ಮನಸ್ಸಿನಲ್ಲಿ ಪ್ರತಿ ಭಾಗಕ್ಕೂ ಒಂದು ತೀರ್ಪು ನಡೆಯುತ್ತಿರುತ್ತದೆ. ಇದು ಭಾಗವಾಗಿ ಉಳಿಯಬೇಕೋ, ಲೋಹವಾಗಬೇಕೋ? ಆಲ್ಟರ್ನೇಟರ್ ಕೈಯಲ್ಲಿ ತಿರುಗಿಸಿ ಬೇರಿಂಗಿನ ಸದ್ದು ಕೇಳುತ್ತಾರೆ. ಗೇರ್ ಬಾಕ್ಸಿನಿಂದ ಇಳಿದ ಆಯಿಲ್ಲನ್ನು ಬೆರಳ ನಡುವೆ ಉಜ್ಜಿ ಲೋಹದ ಪುಡಿ ಇದೆಯೇ ನೋಡುತ್ತಾರೆ. ಪುಡಿ ಸಿಕ್ಕರೆ ಹಲ್ಲು ಸವೆದಿದೆ ಎಂದರ್ಥ, ಅದು ತೂಕಕ್ಕೆ.

ಒಂದು ಡೋರು ಡೋರಾಗಿಯೇ ಇನ್ನೊಂದು ಕಾರಿಗೆ ಹೋದರೆ ಅದನ್ನು ಕರಗಿಸುವ, ರೋಲ್ ಮಾಡುವ, ಒತ್ತುವ, ಬೆಸೆಯುವ, ಬಣ್ಣ ಬಳಿಯುವ ಅಷ್ಟೂ ಶ್ರಮ ಮತ್ತು ಇಂಧನ ಉಳಿಯಿತು. ಮರುಬಳಕೆ ಕರಗಿಸುವುದಕ್ಕಿಂತ ಮೇಲು ಎಂಬುದು ಪರಿಸರದ ಪಾಠವಾಗುವ ಮೊದಲೇ ಗುಜರಿಯವರಿಗೆ ಗೊತ್ತಿದ್ದ ಲೆಕ್ಕ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಮಾರುತಿ 800 ತಯಾರಾಗುವುದು ನಿಂತದ್ದು 2014ರ ಜನವರಿಯಲ್ಲಿ. ಅಂಬಾಸಿಡರ್ ಕೂಡ ಅದೇ ವರ್ಷ ನಿಂತಿತು. ಈ ಕಾರುಗಳನ್ನು ಇನ್ನೂ ಪ್ರೀತಿಯಿಂದ ಓಡಿಸುವವರಿಗೆ ಎಷ್ಟೋ ಸಲ ಬೇಕಾದ ಭಾಗ ಸಿಗುವುದು ಇಂಥದೇ ಇನ್ನೊಂದು ಕಾರನ್ನು ಯಾರಾದರೂ ಜೋಪಾನವಾಗಿ ಬಿಚ್ಚಿದ್ದರೆ ಮಾತ್ರ. ಒಂದು ಎಚ್ಚರಿಕೆ ಮಾತ್ರ ಬೇಕು. ಬ್ರೇಕ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಮುಂತಾದ ಪ್ರಾಣ ಕಾಯುವ ಭಾಗಗಳನ್ನು ಹಳೆಯದರಿಂದ ಹೊಸದಕ್ಕೆ ಹಾಕಬಾರದು. ಒಳ್ಳೆಯ ಮೇಸ್ತ್ರಿ ಅವನ್ನು ಮಾರುವುದಿಲ್ಲ.

ಕೆಲವು ಭಾಗಗಳು ಕಾರಿನ ಲೋಕವನ್ನೇ ಬಿಟ್ಟು ಹಳ್ಳಿಗೆ ಹೋಗುತ್ತವೆ. ಅಂಬಾಸಿಡರಿನ ಹಿಂಭಾಗ, ಜೀಪು, ಲಾರಿಗಳನ್ನು ಹೊತ್ತ ಕಮಾನು ಪಟ್ಟಿಗಳನ್ನು ಕಮ್ಮಾರರು ಹುಡುಕಿ ಕೊಳ್ಳುತ್ತಾರೆ. ಆ ಉಕ್ಕಿನಲ್ಲಿ ಶೇ ಅರ್ಧಕ್ಕೂ ಸ್ವಲ್ಪ ಹೆಚ್ಚು ಇಂಗಾಲವಿದೆ. ಕಾಯಿಸಿ, ಬಡಿದು, ಎಣ್ಣೆಯಲ್ಲೋ ನೀರಲ್ಲೋ ಅದ್ದಿದರೆ ಬಿರುಸಾಗುತ್ತದೆ, ಹದ ಕೊಟ್ಟರೆ ಮುರಿಯದೆ ಅಲಗು ಹಿಡಿಯುತ್ತದೆ. ಹಳ್ಳಿಯ ಕುಲುಮೆಯಲ್ಲಿ ಮಚ್ಚು, ಕುಡುಗೋಲುಗಳಾಗುವ ಉಕ್ಕಿನಲ್ಲಿ ಬಹುಪಾಲು ಹೀಗೆ ಬಂದದ್ದು. ಸವೆದ ಟೈರುಗಳು ಎತ್ತಿನ ಗಾಡಿಗೆ ಹೋದವು, ಚಪ್ಪಲಿಯ ಅಟ್ಟೆಯಾದವು, ಬಾವಿಯಿಂದ ನೀರು ಸೇದುವ ಬಕೆಟ್ಟೂ ಆದವು.

ಲೋಹದ ಪರಿಚಯ

ಮಾರಲಾಗದ್ದು ಲೋಹದ ಗುಡ್ಡೆಗೆ ಬರುತ್ತದೆ. ಈ ಗುಡ್ಡೆಗಳ ನಡುವೆ ನಿಂತವರ ಲೋಹಜ್ಞಾನ ನಿಜಕ್ಕೂ ಬೆರಗಿನದು. ಅಯಸ್ಕಾಂತ ಹಿಡಿದರೆ ಕಬ್ಬಿಣದ ಗುಂಪು ಬೇರೆ. ಅರದಿಂದ ಒಂದು ಗೀರು ಎಳೆದರೆ ಕೆಂಪು ತಾಮ್ರ, ಹಳದಿ ಹಿತ್ತಾಳೆ, ಬಿಳಿ ಅಲ್ಯುಮಿನಿಯಂ. ಬಿಳಿಯಾಗಿದ್ದೂ ಕೈಗೆ ಭಾರ ಅನ್ನಿಸಿದರೆ ಅದು ಸತು, ಹಳೆಯ ಕಾರ್ಬುರೇಟರಿನದು. ಉಕ್ಕೋ ಬೀಡು ಕಬ್ಬಿಣವೋ ಎಂಬ ಅನುಮಾನವಿದ್ದರೆ ಸಾಣೆಚಕ್ರಕ್ಕೆ ತಾಗಿಸಿ ಕಿಡಿ ನೋಡುತ್ತಾರೆ. ಉಕ್ಕಿನ ಕಿಡಿ ಉದ್ದ, ಹೊಳಪು. ಬೀಡಿನದು ಗಿಡ್ಡ, ಕೆಂಪು. ಬೀಡು ಸುತ್ತಿಗೆಗೆ ಒಡೆಯುತ್ತದೆ, ಉಕ್ಕು ಬಗ್ಗುತ್ತದೆ. ಒಡೆದ ಎಂಜಿನ್ ಬ್ಲಾಕಿನ ಬೀಡು ಬೆಳಗಾವಿ, ಕೊಲ್ಹಾಪುರದಂಥ ಊರುಗಳ ಫೌಂಡ್ರಿಗಳಿಗೆ ಬೇಕಾದ ಮಾಲು. ಅಲ್ಲಿ ಅದು ಮತ್ತೆ ಎರಕವಾಗುತ್ತದೆ.

ಗ್ಯಾಸ್ ಕಟ್ಟರ್ ಕೂಡ ಲೋಹ ಗುರುತಿಸುವ ಸಾಧನವೇ. ಅದು ಕಬ್ಬಿಣವನ್ನು ಕರಗಿಸಿ ಕತ್ತರಿಸುತ್ತದೆ ಎಂದು ನೋಡುವವರು ತಿಳಿಯುತ್ತಾರೆ. ನಿಜಕ್ಕೂ ಸುಡುತ್ತದೆ. ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಅದೇ ಜಾಗಕ್ಕೆ ಶುದ್ಧ ಆಮ್ಲಜನಕದ ಧಾರೆ ಬಿಟ್ಟರೆ ಕಬ್ಬಿಣವೇ ಉರಿದು ಕಿಟ್ಟವಾಗಿ ಕೆಳಗೆ ಹಾರುತ್ತದೆ. ಅಲ್ಯುಮಿನಿಯಂ ಹೀಗೆ ಕತ್ತರಿಸುವುದಿಲ್ಲ. ಅದರ ಮೇಲ್ಮೈಯ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಮೇಲೆ ಬೇಕು, ಒಳಗಿನ ಲೋಹ ಮಾತ್ರ 660 ಡಿಗ್ರಿಗೇ ಕರಗಿ ಮುದ್ದೆಯಾಗುತ್ತದೆ.

ಕರಗುವ ಬಿಂದುಗಳ ಈ ಅಂತರವನ್ನೇ ಬಳಸಿ, ಕೈಯಿಂದ ಬಿಡಿಸಲಾಗದ್ದನ್ನು ಬೇರ್ಪಡಿಸುತ್ತಾರೆ. ಪಿಸ್ಟನ್ ಅಲ್ಯುಮಿನಿಯಂ, ಅದರ ಉಂಗುರ ಮತ್ತು ಪಿನ್ನು ಕಬ್ಬಿಣದ್ದು. ಇಳಿಜಾರಿನ ಒಲೆಯಲ್ಲಿ ಹದವಾಗಿ ಕಾಯಿಸಿದರೆ ಅಲ್ಯುಮಿನಿಯಂ ಕರಗಿ ಹರಿಯುತ್ತದೆ, 1,538 ಡಿಗ್ರಿಯವರೆಗೆ ಕರಗದ ಕಬ್ಬಿಣ ಅಲ್ಲೇ ಉಳಿಯುತ್ತದೆ. ಉಷ್ಣತೆ ಹೆಚ್ಚಾದರೆ ಕಬ್ಬಿಣ ಅಲ್ಯುಮಿನಿಯಂನಲ್ಲಿ ಕರಗತೊಡಗಿ ಎರಡೂ ಕೆಡುತ್ತವೆ. ಆ ಹದ ಬರುವುದು ಅಭ್ಯಾಸದಿಂದ.

ಪ್ಲಾಸ್ಟಿಕ್ಕಿನ ಗುರುತು ಬೇರೆ ಬಗೆ. ಬಂಪರಿನ ಹಿಂಬದಿ ನೋಡಿದರೆ ಪಿಪಿ, ಎಬಿಎಸ್ ಮುಂತಾದ ಅಕ್ಷರಗಳು ಅಚ್ಚಾಗಿರುತ್ತವೆ. ಅಕ್ಷರ ಅಳಿಸಿದ್ದರೆ ನೀರಿಗೆ ಹಾಕುತ್ತಾರೆ. ಬರಿಯ ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಅಂತೂ ಒಂದು ಬಾನಿ ನೀರು ಒಂದು ಪ್ರಯೋಗಶಾಲೆಯ ಕೆಲಸ ಮಾಡುತ್ತದೆ.

ಇನ್ನು ಸೈಲೆನ್ಸರ್ ಪೈಪಿನ ನಡುವಿನ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಸಣ್ಣ ರಂಧ್ರಗಳ ಸೆರಾಮಿಕ್ ಇಟ್ಟಿಗೆ, ಅದರ ಮೇಲೆ ತೆಳುವಾಗಿ ಹರಡಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಎಲ್ಲ ಸೇರಿ ಕೆಲವೇ ಗ್ರಾಂ. ಆದರೆ 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟಿಗೂ ಮೇಲೆ ಹೋಗಿತ್ತು. ನಮ್ಮಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದದ್ದು 1995ರಲ್ಲಿ. ಇದನ್ನು ಸುತ್ತಿಗೆಯಿಂದ ಒಡೆದರೆ ಅಮೂಲ್ಯ ಲೋಹವೆಲ್ಲ ಧೂಳಾಗಿ ಹಾರುತ್ತದೆ, ಬಿಚ್ಚಿದವನ ಶ್ವಾಸಕೋಶಕ್ಕೂ ಹೋಗುತ್ತದೆ. ಇಡಿಯಾಗಿ ಕತ್ತರಿಸಿ, ಮುಚ್ಚಿದ ಪೆಟ್ಟಿಗೆಯಲ್ಲಿ ಶುದ್ಧೀಕರಣ ಘಟಕಕ್ಕೆ ಕಳಿಸುವುದೇ ಸರಿಯಾದ ಕ್ರಮ.

ಒತ್ತುವುದು, ಒಡೆಯುವುದು, ಕರಗಿಸುವುದು

ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಬರಿಯ ತಗಡಿನ ಗೂಡು. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಬೇಲ್ ಮಾಡುತ್ತಾರೆ. ಬೇಲಿನ ಒಳಗೇನಿದೆ ಎಂದು ಕುಲುಮೆಯವನಿಗೆ ಕಾಣುವುದಿಲ್ಲ, ಆದ್ದರಿಂದ ಅದರ ಬೆಲೆ ನಿಂತಿರುವುದು ಬಿಚ್ಚಿದವನ ಪ್ರಾಮಾಣಿಕತೆಯ ಮೇಲೆ.

ಅಮೆರಿಕದಲ್ಲಿ ಕೂಲಿ ದುಬಾರಿ, ಕಾರುಗಳ ಸಂಖ್ಯೆ ಅಪಾರ. ಕೈಯಿಂದ ಬಿಚ್ಚಿ ಪೂರೈಸಲಾಗದೆ ಅಲ್ಲಿ ಬೇರೆ ದಾರಿ ಹುಡುಕಿದರು. 1950ರ ದಶಕದ ಕೊನೆಯಿಂದ ಟೆಕ್ಸಾಸಿನ ಪ್ರೋಲರ್ ಕುಟುಂಬ, ಮತ್ತೆ ಅದೇ ರಾಜ್ಯದ ನ್ಯೂವೆಲ್ ಎಂಬುವರು, ಕಾರನ್ನು ಚೂರು ಮಾಡುವ ಶ್ರೆಡರ್ ಯಂತ್ರಗಳನ್ನು ಬೆಳೆಸಿದರು. ವೇಗವಾಗಿ ತಿರುಗುವ ದಂಡಕ್ಕೆ ತೂಗುಹಾಕಿದ ಭಾರದ ಸುತ್ತಿಗೆಗಳು ಇಡೀ ಕಾರನ್ನು ನಿಮಿಷದೊಳಗೆ ಮುಷ್ಟಿಗಾತ್ರದ ಚೂರುಗಳಾಗಿ ಬಡಿಯುತ್ತವೆ. ಗಾಳಿ ಹಗುರವಾದ ಸ್ಪಂಜು, ಬಟ್ಟೆಗಳನ್ನು ಎಳೆದುಕೊಳ್ಳುತ್ತದೆ, ಅಯಸ್ಕಾಂತದ ಉರುಳೆ ಕಬ್ಬಿಣವನ್ನು ಎತ್ತಿಕೊಳ್ಳುತ್ತದೆ. ಉಳಿದದ್ದು ಒಂದು ಬೆಲ್ಟಿನ ಮೇಲೆ ಸಾಗುತ್ತದೆ. ಅದರ ತುದಿಯೊಳಗೆ ಇನ್ನೊಂದು ಅಯಸ್ಕಾಂತ ಅತಿವೇಗದಲ್ಲಿ ಸುತ್ತುತ್ತಿರುತ್ತದೆ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಬದಲಾಗುವ ಅಯಸ್ಕಾಂತ ಬಲ ಅದರೊಳಗೆ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ, ಆ ಸುಳಿಗಳು ತಮ್ಮದೇ ಎದುರು ಬಲ ಹುಟ್ಟಿಸುತ್ತವೆ, ಚೂರು ಮುಂದಕ್ಕೆ ಜಿಗಿಯುತ್ತದೆ. ಗಾಜು, ರಬ್ಬರು ಅಲ್ಲೇ ಕೆಳಗೆ ಬೀಳುತ್ತವೆ. ಹೀಗೆ ಬೇರೆಯಾದ, ಹೆಚ್ಚಾಗಿ ಅಲ್ಯುಮಿನಿಯಂ ಇರುವ ಮಿಶ್ರಣಕ್ಕೆ ವ್ಯಾಪಾರದಲ್ಲಿ ‘ಜೋರ್ಬಾ’ ಎಂದು ಹೆಸರು. ಅದು ಕಂಟೈನರುಗಳಲ್ಲಿ ಭಾರತಕ್ಕೂ ಬರುತ್ತದೆ.

ಶ್ರೆಡರಿನ ಬಲ ದೊಡ್ಡದು, ಆದರೆ ಅದು ಮೊದಲು ಬೆರೆಸಿ ಆಮೇಲೆ ಹುಡುಕುತ್ತದೆ. ಮೋಟಾರಿನ ತಾಮ್ರ ಸುತ್ತಿದ ಕಬ್ಬಿಣದ ತುಂಡನ್ನು ಅಯಸ್ಕಾಂತ ಕಬ್ಬಿಣವೆಂದೇ ಎತ್ತಿಕೊಳ್ಳುತ್ತದೆ. ಬಹಳ ಕಡೆ ಅಂಥ ತುಂಡುಗಳನ್ನು ಆರಿಸಲು ಬೆಲ್ಟಿನ ಪಕ್ಕ ಇಂದಿಗೂ ಮನುಷ್ಯರು ನಿಲ್ಲಬೇಕು. ಜಪಾನಿನಲ್ಲಿ 2005ರಿಂದ ಜಾರಿಯಲ್ಲಿರುವ ಕಾರು ಮರುಬಳಕೆ ಕಾನೂನು, ತಾಮ್ರ ಮುಂತಾದವನ್ನು ಮೊದಲೇ ಚೊಕ್ಕವಾಗಿ ತೆಗೆದು ಒತ್ತಿದ ಕಾರನ್ನು ಶ್ರೆಡರಿಗೆ ಹಾಕದೆ ನೇರ ಉಕ್ಕಿನ ಕುಲುಮೆಗೆ ಕಳಿಸುವ ದಾರಿಯನ್ನೂ ಒಪ್ಪಿದೆ. ಬಿಚ್ಚುವ ಕೈಗೆ ಅಷ್ಟು ದೊಡ್ಡ ದೇಶವೊಂದು ಕೊಟ್ಟ ಮನ್ನಣೆ ಅದು. ನಮ್ಮಲ್ಲಿ ಸ್ಕ್ರ್ಯಾಪ್ ಬಹುಮಟ್ಟಿಗೆ ಹೋಗುವುದು ಇಂಡಕ್ಷನ್ ಕುಲುಮೆಗಳಿಗೆ. ಅವು ಕರಗಿಸುತ್ತವೆ, ಹೆಚ್ಚೇನೂ ಶುದ್ಧ ಮಾಡವು. ಹಾಕಿದ್ದೇ ಬರುತ್ತದೆ. ಹಾಗಾಗಿ ನಮ್ಮ ದೇಶಕ್ಕೆ ಚೊಕ್ಕ ಬಿಚ್ಚುವಿಕೆ ಇನ್ನೂ ಹೆಚ್ಚು ಮುಖ್ಯ.

ಫಲವೂ ಅಷ್ಟೇ ದೊಡ್ಡದು. ಕೇಂದ್ರ ಸರ್ಕಾರದ 2019ರ ಉಕ್ಕಿನ ಸ್ಕ್ರ್ಯಾಪ್ ನೀತಿಯ ಲೆಕ್ಕದಲ್ಲಿ, ಒಂದು ಟನ್ ಸ್ಕ್ರ್ಯಾಪ್ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕಲ್ಲಿದ್ದಲು, 55 ಕಿಲೋ ಸುಣ್ಣದಕಲ್ಲನ್ನು ಉಳಿಸುತ್ತದೆ. ಸಂಡೂರಿನ ಬೆಟ್ಟಗಳನ್ನು ಅಗೆದದ್ದನ್ನು ಕಂಡ ಕನ್ನಡಿಗರಿಗೆ ಆ ಮೊದಲ ಅಂಕಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಲ್ಯುಮಿನಿಯಂ ವಿಷಯದಲ್ಲಿ ಅದಿರಿನಿಂದ ತೆಗೆಯುವ ಶಕ್ತಿಯ ಶೇ 5ರಷ್ಟರಲ್ಲೇ ಹಳೆಯದನ್ನು ಕರಗಿಸಬಹುದು.

ಉಳಿಯುವುದೂ ಇದೆ. ಸ್ಪಂಜು, ಬೆರೆತ ಪ್ಲಾಸ್ಟಿಕ್, ಬಟ್ಟೆ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಅಂಟಿಸಿದ ಮುಂಗಾಜು, ಇವು ಸುಲಭಕ್ಕೆ ದಾರಿಗೆ ಬರುವುದಿಲ್ಲ. ಯುರೋಪಿನ ಒಕ್ಕೂಟ 2015ರಿಂದ ಕಾರಿನ ತೂಕದ ಸರಾಸರಿ ಶೇ 95ರಷ್ಟನ್ನು ಯಾವುದಾದರೊಂದು ಬಗೆಯಲ್ಲಿ ಬಳಸಲೇಬೇಕು ಎಂದು ಕಡ್ಡಾಯ ಮಾಡಿದೆ, ಅದರಲ್ಲಿ ಶೇ 85 ಮತ್ತೆ ವಸ್ತುವಾಗಿಯೇ ಬರಬೇಕು. ಭಾರತದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಕಾರು ತಯಾರಿಸಿದ ಕಂಪನಿಯನ್ನೂ ಅದರ ಕೊನೆಗೆ ಹೊಣೆ ಮಾಡಿವೆ.

ಮುಂದಿನ ಪಾಠ

ನಿಯಮ, ಯಂತ್ರ, ಕೇಂದ್ರಗಳೆಲ್ಲ ಬರಲಿ. ಆದರೆ ಹಳೆಯ ಕೇರಿಗಳ ಮೇಸ್ತ್ರಿಗಳನ್ನು ಹೊರಗಿಟ್ಟು ಬರಬಾರದು. ಅವರಲ್ಲಿ ಬಹಳ ಜನ ಇಂದಿಗೂ ಕೈಗವಸು, ಕನ್ನಡಕ ಇಲ್ಲದೆ, ಹಳೆಯ ಬ್ರೇಕ್ ಲೈನಿಂಗುಗಳ ಕಲ್ನಾರಿನ ಧೂಳಿನಲ್ಲಿ ದುಡಿಯುತ್ತಿದ್ದಾರೆ. ಅವರ ಬಳಿ ಇರುವ ತಿಳಿವಳಿಕೆ ಹೊಸ ಕೇಂದ್ರಗಳಿಗೆ ಬೇಕು, ಹೊಸ ಕೇಂದ್ರಗಳ ಸುರಕ್ಷತೆ ಅವರಿಗೆ ಬೇಕು. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವಂತೆ ವಾಹನ ಬಿಚ್ಚುವುದನ್ನೂ ಒಂದು ಕಸುಬಾಗಿ ಕಲಿಸಲು ಇದು ಸರಿಯಾದ ಕಾಲ. ಕಲಿಸುವವರಲ್ಲಿ ಒಬ್ಬರಾದರೂ ಗುಜರಿಯ ಹಿರಿಯ ಮೇಸ್ತ್ರಿ ಇರಲಿ. ನೂರಾರು ವೋಲ್ಟಿನ ಲಿಥಿಯಂ ಬ್ಯಾಟರಿ ಹೊತ್ತ ವಿದ್ಯುತ್ ಕಾರುಗಳು ಗುಜರಿಗೆ ಬರತೊಡಗಿದಾಗ ಅಂದಾಜಿನ ಕೆಲಸ ಪ್ರಾಣ ತೆಗೆಯುತ್ತದೆ.

ಹಳೆಯ ಕಾರು ಕೊಡುವ ನಾವೂ ಎರಡು ಕೆಲಸ ಮಾಡಬಹುದು. ನೂರಿನ್ನೂರು ಹೆಚ್ಚು ಕೊಡುವವರನ್ನು ಹುಡುಕುವ ಬದಲು, ಎ.ಸಿ. ಅನಿಲ ಎಲ್ಲಿಗೆ ಹೋಗುತ್ತದೆ, ಬ್ಯಾಟರಿ ಯಾರಿಗೆ ಹೋಗುತ್ತದೆ ಎಂದು ಕೇಳೋಣ. ಕಾರು ಮುಗಿದದ್ದಕ್ಕೆ ಪ್ರಮಾಣಪತ್ರ ಪಡೆದು ಆರ್‌ಸಿ ರದ್ದಾಯಿತೇ ನೋಡಿಕೊಳ್ಳೋಣ.

ಕಾರಿನ ನಕ್ಷೆ ಬರೆಯುವ ಎಂಜಿನಿಯರುಗಳಿಗೂ ಒಂದು ಮಾತು. ಒಂದು ಕ್ಲಿಪ್ಪಿನ ಬದಲು ಅಂಟು ಹಾಕಿದರೆ, ವೈರಿಂಗನ್ನು ಕೈಗೆಟುಕದ ಸಂದಿಯಲ್ಲಿ ಹಾಯಿಸಿದರೆ, ಇಪ್ಪತ್ತು ವರ್ಷದ ನಂತರ ಅದರ ಬೆಲೆ ತೆರುವುದು ಬಿಚ್ಚುವವನು, ಆಮೇಲೆ ಉಕ್ಕು, ಆಮೇಲೆ ಬೆಟ್ಟ. ತಾವು ಕಟ್ಟಿದ ಕಾರನ್ನು ಒಬ್ಬ ಮೇಸ್ತ್ರಿ ಬಿಚ್ಚುವುದನ್ನು ಒಂದು ದಿನ ಪೂರ್ತಿ ಪಕ್ಕದಲ್ಲಿ ನಿಂತು ನೋಡುವುದು ಅವರ ಓದಿನ ಭಾಗವಾಗಬೇಕು. ಸಲೀಸಾಗಿ ಬಿಚ್ಚಲು ಬರುವಂತೆ ಕಟ್ಟಿದ ಕಾರೇ ಚೆನ್ನಾಗಿ ಕಟ್ಟಿದ ಕಾರು.